ಎದೆ ಮುಟ್ಟಿಕೊಂಡು ಚುಕ್ಕಿ ಇಟ್ಟೆ: ಸಾಧುತ್ವ ಕಲಿತ ನನ್ನ ಅನುಭವ

"ನಿಮ್ಮ ಕೋಪ ಹುಟ್ಟುಗುಣ, ಸುಟ್ಟರೂ ಹೋಗಲ್ಲ" ಅಂತ ಹೆಂಡತಿ ಹೇಳುತ್ತಲೇ ಇದ್ದಳು. ಪ್ರಾರ್ಥನಾ ಕೂಟದವರು ಮುಖದ ಮೇಲೆ ಹೇಳಲಿಲ್ಲ, ಅಷ್ಟೇ. ಚುಕ್ಕಿ ಇಡಲು ಶುರುಮಾಡಿ ಈಗ ಒಂದೂವರೆ ವರ್ಷ ಆಯಿತು. ಕೋಪ ಪೂರ್ತಿ ಹೋಗಿದೆ ಅನ್ನುವುದಿಲ್ಲ. ಆದರೆ ಕಳೆದ ತಿಂಗಳು ಅವಳೇ "ಏನೋ ಮಾಡಿದ್ದೀರಿ ಬಿಡಿ" ಅಂದಳು. ಅವಳ ಬಾಯಲ್ಲಿ ಅಷ್ಟು ಬಂದರೆ ಅದು ಚಿನ್ನದ ಪದಕ.

ಬೈಬಲಿನ ಗಲಾತ್ಯ 5:22-23 ಪವಿತ್ರಾತ್ಮ ನಮ್ಮಲ್ಲಿ ಬೆಳೆಸುವ ಗುಣಗಳ ಪಟ್ಟಿ. ಬಹಳ ಜನಕ್ಕೆ ಬಾಯಿಪಾಠ, ಪೂರ್ತಿ ಬಿಡಿಸಿ ಹೇಳುವುದಿಲ್ಲ. ನಾನು ಫೇಲಾಗುತ್ತಿದ್ದದ್ದು ಅದರಲ್ಲಿ ಎರಡರಲ್ಲಿ: ದಯೆ, ಸಾಧುತ್ವ (ಅಂದರೆ ಮೃದು ಸ್ವಭಾವ). ಸೋತ ಕಥೆ ಮೊದಲು ಹೇಳುತ್ತೇನೆ, ದುಡ್ಡು ಹೋಗಿದ್ದು ಅಲ್ಲೇ.

ಮೊದಲು ನಾಲ್ಕು ದಿನದ ಧ್ಯಾನಕೂಟಕ್ಕೆ ಹೋದೆ. ಹೆಚ್ಚೂಕಡಿಮೆ ಅರ್ಧ ತಿಂಗಳ ಸಂಬಳ ಖರ್ಚು. ಅಲ್ಲಿ ನಾನು ಕುರಿಮರಿ. ವಾಪಸ್ ಬಂದು ಬಾಗಿಲಲ್ಲಿ ಬೀಗದ ಕೈ ಸಿಗದೆ ಐದೇ ನಿಮಿಷಕ್ಕೆ ಕೂಗಾಡಿದೆ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

ಆಮೇಲೆ ದಂಡದ ಡಬ್ಬಿ. ಒಂದು ಸಲ ಕೂಗಿದರೆ ಒಂದು ಗಂಟೆಯ ದುಡಿಮೆ ಡಬ್ಬಿಗೆ. ಎರಡು ತಿಂಗಳಲ್ಲಿ ಸುಮಾರು ಎಂಟು ದಿನದ ಸಂಬಳ ಸೇರಿತು. ಕೋಪ ಮಾತ್ರ ಇದ್ದ ಹಾಗೇ ಇತ್ತು. ಯಾಕೆ ಗೊತ್ತಾ? ದುಡ್ಡು ಹಾಕಿದ ಮೇಲೆ ಕೂಗೋದಕ್ಕೆ ಹಕ್ಕು ಸಿಕ್ಕ ಹಾಗೆ ಅನಿಸುತ್ತಿತ್ತು. ಒಮ್ಮೆಯಂತೂ ಮುಂಗಡ ಹಾಕಿ ಕೂಗಿದ್ದೇನೆ.

ದಯೆ ತೋರಿಸಲು ಹೋಗಿ ಇನ್ನೂ ಕಳೆದುಕೊಂಡೆ. ನೆಂಟರೊಬ್ಬರು ಸಾಲ ಕೇಳಿದರು, ಇಲ್ಲ ಅನ್ನಲು ಬಾಯಿ ಬರದೆ ಎರಡು ತಿಂಗಳ ಸಂಬಳದಷ್ಟು ಕೊಟ್ಟೆ. ಅದು ವಾಪಸ್ ಬರಲಿಲ್ಲ. ಅವರ ಮೇಲಿನ ಸಿಟ್ಟನ್ನು ಒಂದು ವರ್ಷ ಮನೆಯವರ ಮೇಲೆ ತೀರಿಸಿಕೊಂಡೆ. ಅದು ದಯೆಯಲ್ಲ, ಹೆದರಿಕೆ. ಸಾಧು ಅಂದರೆ ಬಾಯಿಸತ್ತವನು ಅಂತ ನಾನು ತಿಳಿದಿದ್ದೆ. ಆದರೆ ಬೈಬಲಿನ ಅರಣ್ಯಕಾಂಡ 12:3 ಇಸ್ರಾಯೇಲ್ಯರ ನಾಯಕ ಮೋಶೆಯನ್ನು ಭೂಮಿಯ ಮೇಲಿದ್ದ ಎಲ್ಲರಿಗಿಂತ ಸಾಧು ಅನ್ನುತ್ತದೆ. ಜನ ಬಂಗಾರದ ಕರು ಪೂಜಿಸುವುದು ನೋಡಿ ಸಿಟ್ಟಿನಲ್ಲಿ ದೇವರ ಆಜ್ಞೆಯ ಕಲ್ಲಿನ ಹಲಗೆ ಒಡೆದವನೂ ಅವನೇ ಅಲ್ವಾ.

ಕೊನೆಗೆ ಕೆಲಸಕ್ಕೆ ಬಂದದ್ದು 16ನೇ ಶತಮಾನದ ಕ್ಯಾಥೋಲಿಕ್ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ ಚುಕ್ಕಿ ಲೆಕ್ಕ. ನಾನು ಕ್ಯಾಥೋಲಿಕ್ ಅಲ್ಲ, ನಮ್ಮ ಪಾಸ್ಟರ್ ಕೂಡ ಹುಬ್ಬೇರಿಸಿದರು. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಬೇಕು. ತಪ್ಪಿದ ಕ್ಷಣವೇ ಕೈ ಎದೆಗೆ ಹೋಗಬೇಕು, ಪಕ್ಕದಲ್ಲಿ ಇದ್ದವರಿಗೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಲೆಕ್ಕ ಹಾಕಿ ದಿನಕ್ಕೆ ಎರಡು ಗೆರೆಯ ಮೇಲೆ ಚುಕ್ಕಿ ಇಡಬೇಕು. ರಾತ್ರಿಯ ಗೆರೆಯನ್ನು ಮಧ್ಯಾಹ್ನದ್ದಕ್ಕೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸಬೇಕು. ಇದಕ್ಕೆ ಖರ್ಚು ಒಂದು ನೋಟ್‌ಬುಕ್ಕು.

ನಾನು ಅದನ್ನು ಇನ್ನೂ ಚಿಕ್ಕದು ಮಾಡಿದೆ: ಒಂದೇ ತಪ್ಪು, ಒಬ್ಬನೇ ಮನುಷ್ಯ, ಒಂದೇ ಹೊತ್ತು. ಮಗನಿಗೆ ಸಂಜೆ ಲೆಕ್ಕ ಹೇಳಿಕೊಡುವಾಗಿನ ನನ್ನ ದನಿ, ಅಷ್ಟೇ. ಆಫೀಸಿನ ಕೋಪ, ರಸ್ತೆಯ ಕೋಪ ಎಲ್ಲ ಹಾಗೇ ಬಿಟ್ಟೆ. ಮೊದಲ ವಾರ 40ರ ಹತ್ತಿರ ಚುಕ್ಕಿ. ಎರಡನೇ ವಾರ ಇನ್ನೂ ಜಾಸ್ತಿ! ಇಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಕೋಪ ಹೆಚ್ಚಿರಲಿಲ್ಲ, ಕಣ್ಣು ಚುರುಕಾಗಿತ್ತು. ಮೂರನೇ ತಿಂಗಳಿಗೆ 15ರ ಆಸುಪಾಸು, ಈಗ ವಾರಕ್ಕೆ ಮೂರೋ ನಾಲ್ಕೋ.

ಒಂದು ಸಂಜೆ ಮಗ ಭಾಗಾಕಾರ ಮಾಡುತ್ತಿದ್ದ. ಅದೇ ತಪ್ಪು ಮೂರನೇ ಸಲ. ನನ್ನ ಉಸಿರು ಬಿಗಿಯಾದದ್ದು ಅವನಿಗೆ ಕೇಳಿಸಿರಬೇಕು, ಪೆನ್ಸಿಲು ಹಿಡಿದ ಬೆರಳು ಬೆಳ್ಳಗಾಯಿತು, ತಲೆ ಎತ್ತಲಿಲ್ಲ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಆದರೂ ಕೈ ಎದೆಗೆ ಹೋಯಿತು. ಅವತ್ತಿನಿಂದ ಬಿಗಿ ಉಸಿರಿಗೂ ಒಂದು ಚುಕ್ಕಿ. ನನ್ನ ಪ್ರಕಾರ ಗಾಡಿ ತಿರುಗಿದ್ದು ಅಲ್ಲೇ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಸಿಟ್ಟು ಬಂದಾಗ ಬಾಯಲ್ಲಿ ನೀರು ತುಂಬಿಕೊಂಡೆ, ಮಗನ ಪುಸ್ತಕ ಒದ್ದೆಯಾಯಿತು. ಬೇಕಂತಲೇ ಮೆಲುದನಿಯಲ್ಲಿ ಮಾತಾಡಿದೆ, "ಇದಕ್ಕಿಂತ ಕೂಗೋದೇ ವಾಸಿ, ಭಯ ಆಗುತ್ತೆ" ಅಂದಳು ಹೆಂಡತಿ. ದಿನಕ್ಕೊಂದು ಗುಟ್ಟಿನ ಉಪಕಾರ ಅಂತಲೂ ಶುರುಮಾಡಿದ್ದೆ, ಹನ್ನೆರಡನೇ ದಿನ ನಾನೇ ಯಾರಿಗೋ ಹೇಳಿಕೊಂಡು ಕೆಡಿಸಿದೆ.

ದಯೆ ಬಗ್ಗೆ ನನಗೆ ಉಪಯೋಗಕ್ಕೆ ಬಂದದ್ದು ಮತ್ತಾಯ 11:30. ಯೇಸು "ನನ್ನ ನೊಗ ಮೃದು" ಅನ್ನುವಲ್ಲಿನ ಗ್ರೀಕ್ ಮಾತು ಕ್ರೆಸ್ಟೊಸ್. ಗಲಾತ್ಯದಲ್ಲಿ ದಯೆಗೆ ಬಳಸಿದ ಕ್ರೆಸ್ಟೊಟೆಸ್ ಅದೇ ಬೇರಿನದು. ನೊಗ ಇದ್ದೇ ಇರುತ್ತದೆ, ಕುತ್ತಿಗೆಗೆ ಉಜ್ಜಬಾರದು. ಭಾಗಾಕಾರ ಬಿಡಿಸಿಲ್ಲ, ಮಗ ಈಗಲೂ ಮಾಡಲೇಬೇಕು.

ಕೈ ಎದೆಗೆ ಹೋದಾಗ ಒಳಗೇ ಹೇಳಿಕೊಳ್ಳುವ ನಾಲ್ಕು ಪದದ ಪ್ರಾರ್ಥನೆ ಒಂದಿದೆ. ಅದನ್ನು ಬರೆಯುವುದಿಲ್ಲ, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ. ಚುಕ್ಕಿ ಬಿದ್ದ ದಿನ ಮಲಗುವ ಮೊದಲು ಮಗನ ಹತ್ತಿರ ಕ್ಷಮೆ ಕೇಳುತ್ತೇನೆ, "ಆದರೆ ನೀನೂ" ಅನ್ನುವ ಬಾಲ ಇಲ್ಲದೆ. ಆ ಬಾಲ ಕತ್ತರಿಸಲು ಆರು ತಿಂಗಳು ಹಿಡಿಯಿತು.

ಈಗ ಅವನೇ ನನ್ನ ಕೈ ನೋಡುತ್ತಾನೆ. ಎದೆಗೆ ಹೋದರೆ "ಅಪ್ಪಾ, ಚುಕ್ಕಿನಾ?" ಅಂತ ಕೇಳುತ್ತಾನೆ. ಹೋದ ವಾರ ಆಫೀಸಿನ ಫೋನಿಗೆ ಹೊಸ ಹಾಳೆ ತೆಗೆದೆ. ಮೊದಲ ದಿನವೇ 11.