ಹತ್ತಿ ಬಿಡಿಸುವವರ ಹಳೆಯ ಸೊಂಟನೋವು: ಕೆಲಸ ಬಿಡದೆ ನಿಭಾಯಿಸುವ ಬಗೆ

3 ತಿಂಗಳು ದಾಟಿದ ಸೊಂಟನೋವು ಬಹಳ ಸಲ ಹೊಸ ಪೆಟ್ಟಿನ ಗುರುತಲ್ಲ. ನರಗಳೇ ಸೂಕ್ಷ್ಮವಾಗಿ ಸಣ್ಣ ಎಳೆತಕ್ಕೂ ನೋಯುತ್ತವೆ. ಹಾಸಿಗೆ ಹಿಡಿದರೆ ಸೊಂಟ ಇನ್ನೂ ಬಿಗಿಯುತ್ತದೆ.

ರಾಯಚೂರು ಕಡೆಯ ಹತ್ತಿ ಹೊಲದಲ್ಲಿ, ಬಗ್ಗಿದ ಎಷ್ಟು ನಿಮಿಷಕ್ಕೆ ನೋವು ಏರುತ್ತದೆಂದು 3 ದಿನ ನೋಡಿ. 20 ಆದರೆ 15ಕ್ಕೇ ನಿಲ್ಲಿಸಿ, ನೆಟ್ಟಗಾಗಿ 2 ನಿಮಿಷ ಅಡ್ಡಾಡಿ. ನೋವು ಬಂದ ಮೇಲೆ ನಿಲ್ಲಿಸಿದರೆ ತಡವಾಯಿತೆಂದೇ ಲೆಕ್ಕ. ಬಗ್ಗುವ ಹೊತ್ತನ್ನು ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ಮೈ ಹಗುರಿದ್ದ ದಿನ ಸಾಲೆಲ್ಲ ಮುಗಿಸುವ ಆಸೆಯೇ ಮರುದಿನ ಮಲಗಿಸುವುದು. ಉಡಿ ತುಂಬಿ ಜೋಲುವ ಮೊದಲೇ ಹತ್ತಿಯನ್ನು ಚೀಲಕ್ಕೆ ಸುರಿಯಿರಿ.

ಡಾಕ್ಟರನ್ನು ಕೇಳದೆ ದಿನಾ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಬೇಡಿ. ಬಿಸಿಲಿಗೆ ಮೈನೀರು ಇಂಗಿದಾಗ ಅದು ಮೂತ್ರಪಿಂಡ ಕೆಡಿಸಬಹುದು.

ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಕಾಲಿನ ಬಲ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.