ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಬ್ಯಾಡ್ಮಿಂಟನ್ ನೋಡೋ ಮುಂಚೆ ಡ್ರಾ ಓದೋದು ಕಲೀರಿ

ಒಲಿಂಪಿಕ್ಸೋ ಏಷ್ಯನ್ ಗೇಮ್ಸೋ ಬಂತು ಅಂದ್ರೆ ವರ್ಷವಿಡೀ ಬ್ಯಾಡ್ಮಿಂಟನ್ ಕಡೆ ತಿರುಗಿ ನೋಡದೋರೂ ಟಿವಿ ಮುಂದೆ ಕೂರ್ತಾರೆ. ಒಳ್ಳೇದೇ. ಆದ್ರೆ ಸ್ವಲ್ಪ ಹೊತ್ತಿಗೆ ಪ್ರಶ್ನೆ ಶುರು, ಮೊನ್ನೆ ಗೆದ್ದ ಮ್ಯಾಚು ಪಾಯಿಂಟ್ಸ್ ಟೇಬಲ್‌ನಲ್ಲಿ ಯಾಕಿಲ್ಲ, ಅಲ್ಲಿ ಸೆಮಿಫೈನಲ್ ಸೋತೋನಿಗೆ ಮೆಡಲ್ ಕೊಟ್ರು ಇಲ್ಲಿ ಯಾಕೆ ಕೊಡ್ಲಿಲ್ಲ, ನಿನ್ನೆ ಟೀಮ್ ಸೋತಿತ್ತಲ್ಲ ಇವತ್ತು ಮತ್ತೆ ಅದೇ ಹುಡುಗ ಹೆಂಗೆ ಆಡ್ತಿದಾನೆ ಅಂತ. ಇದಕ್ಕೆಲ್ಲ ಉತ್ತರ ಇರೋದು ಡ್ರಾ ಶೀಟ್‌ನಲ್ಲಿ, ಅಂದ್ರೆ ಯಾವ ರೌಂಡಲ್ಲಿ ಯಾರ ಮೇಲೆ ಯಾರು ಆಡ್ತಾರೆ ಅನ್ನೋ ಪಟ್ಟಿಯಲ್ಲಿ. ಅದನ್ನ ಓದೋಕೆ ಬಂದ್ರೆ ಸ್ಮ್ಯಾಶ್ ಯಾವ್ದು ಡ್ರಾಪ್ ಯಾವ್ದು ಅಂತ ಸರಿಯಾಗಿ ಗೊತ್ತಿಲ್ದಿದ್ರೂ ಮಜಾ ಸಿಗತ್ತೆ, ಓದೋಕೆ ಬರ್ಲಿಲ್ಲ ಅಂದ್ರೆ ಆಟ ಎಷ್ಟೇ ಗೊತ್ತಿದ್ರೂ ತಲೆ ಕೆರ್ಕೊಂಡು ಕೂರ್ಬೇಕು.

ಮೊದ್ಲು ಯಾವ ಗೇಮ್ಸ್ ಅಂತ ನೋಡ್ಕೊಳ್ಳಿ

ಕೋರ್ಟು, ನೆಟ್ಟು, 21 ಪಾಯಿಂಟು ಎಲ್ಲ ಕಡೆ ಒಂದೇ. ಮೆಡಲ್ ಹಂಚೋ ರೀತಿ ಮಾತ್ರ ಬೇರೆ ಬೇರೆ.

ಒಲಿಂಪಿಕ್ಸ್‌ನಲ್ಲಿ ಟೀಮ್ ಇವೆಂಟೇ ಇಲ್ಲ. ಐದೇ ಮೆಡಲ್ ಇವೆಂಟು, ಎರಡು ಸಿಂಗಲ್ಸ್, ಎರಡು ಡಬಲ್ಸ್, ಒಂದು ಮಿಕ್ಸೆಡ್. 1992ರ ಬಾರ್ಸಿಲೋನಾದಲ್ಲಿ ಬ್ಯಾಡ್ಮಿಂಟನ್ ಮೆಡಲ್ ಆಟ ಆಯ್ತು, ಮಿಕ್ಸೆಡ್ ಸೇರಿದ್ದು 1996ರ ಅಟ್ಲಾಂಟಾದಲ್ಲಿ. ಸೆಮಿಫೈನಲ್ ಸೋತ ಇಬ್ರೂ ಮತ್ತೆ ಕಂಚಿಗೆ ಆಡ್ಬೇಕು, ಅದ್ರಲ್ಲೂ ಸೋತೋನು ಬರಿಗೈಲಿ ವಾಪಸ್. ಪ್ಯಾರಿಸ್ 2024ರಲ್ಲಿ ನಮ್ಮ ಲಕ್ಷ್ಯ ಸೇನ್‌ಗೆ ಆಗಿದ್ದು ಇದೇ. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕಿನ ಅಕ್ಸೆಲ್ಸನ್ ಮೇಲೆ ಮೊದಲ ಗೇಮ್ 20-17 ಮುಂದಿದ್ದ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, 20-22. ಎರಡನೇ ಗೇಮ್‌ನಲ್ಲಿ 7-0 ಲೀಡ್ ತಗೊಂಡು ಅದನ್ನೂ 14-21 ಬಿಟ್ಟ. ಆಮೇಲೆ ಕಂಚಿನ ಮ್ಯಾಚಲ್ಲಿ ಮಲೇಷ್ಯಾದ ಲೀ ಜಿ ಜಿಯಾ ಮೇಲೆ ಮೊದಲ ಗೇಮ್ 21-13 ಗೆದ್ದು, ಮೊಣಕೈ ಹತ್ರ ರಕ್ತ ಬರ್ತಾ ಇದ್ದ ಕೈಗೆ ಪಟ್ಟಿ ಕಟ್ಟಿಸ್ಕೊಂಡು ಆಡಿ, ಉಳಿದ ಎರಡೂ ಗೇಮ್ ಸೋತ. ನಾಲ್ಕನೇ ಸ್ಥಾನ.

ಏಷ್ಯನ್ ಗೇಮ್ಸ್‌ನಲ್ಲಿ ಹಂಗಿಲ್ಲ. ಸೆಮಿ ಸೋತ ಇಬ್ರಿಗೂ ಕಂಚು, ಅಂದ್ರೆ ಕ್ವಾರ್ಟರ್‌ಫೈನಲ್ ಗೆದ್ದ ತಕ್ಷಣ ಮೆಡಲ್ ಗ್ಯಾರಂಟಿ. ಹಾಗಾಗಿ ಏಷ್ಯನ್ ಗೇಮ್ಸ್ ಡ್ರಾ ಕೈಗೆ ಬಂದಾಗ ಕಣ್ಣು ಹೋಗ್ಬೇಕಿರೋದು ಕ್ವಾರ್ಟರ್‌ಫೈನಲ್ ಕಡೆ, ಅಲ್ಲಿ ನಮ್ಮೋರಿಗೆ ಯಾರು ಸಿಗ್ತಾರೆ ಅಂತ ಮೊದ್ಲು ನೋಡಿ. ಚೀನಾದ ಹಾಂಗ್ಝೌನಲ್ಲಿ (2022ರದ್ದು, ಕೋವಿಡ್ ಇಂದ 2023ರಲ್ಲಿ ನಡೀತು) ನಮ್ಮ ಪ್ರಣಯ್ ಕ್ವಾರ್ಟರ್‌ನಲ್ಲಿ ಲೀ ಜಿ ಜಿಯಾನ ಸೋಲಿಸ್ದ, ಸೆಮಿಯಲ್ಲಿ ಚೀನಾದ ಲಿ ಶಿಫೆಂಗ್ ಕೈಲಿ ಸೋತ, ಆದ್ರೂ ಕಂಚು ಬಂತು. ಅದೇ ಫಲಿತಾಂಶ ಒಲಿಂಪಿಕ್ಸ್‌ನಲ್ಲಾಗಿದ್ರೆ ಇನ್ನೊಂದು ಮ್ಯಾಚ್ ಬಾಕಿ ಇರ್ತಿತ್ತು. ನನ್ನ ಕೇಳಿದ್ರೆ ಎರಡು ಕಂಚು ಕೊಡೋದೇ ಸರಿ, ಸೆಮಿಫೈನಲ್‌ನಲ್ಲಿ ಸುಸ್ತಾಗಿ ಸೋತು ಬಂದೋನನ್ನ ಮತ್ತೆ ಎಳ್ಕೊಂಡು ಬಂದು ಆಡ್ಸೋದ್ರಲ್ಲಿ ಏನು ಸುಖ.

ಕಾಮನ್‌ವೆಲ್ತ್‌ನಲ್ಲಿ ಐದು ಇವೆಂಟ್ ಜೊತೆ ಮಿಕ್ಸೆಡ್ ಟೀಮ್ ಅಂತ ಒಂದಿದೆ, ಅಲ್ಲೂ ಕಂಚಿಗೆ ಮ್ಯಾಚ್ ಆಡ್ತಾರೆ. ಚೀನಾ, ಇಂಡೋನೇಷ್ಯಾ, ಜಪಾನ್, ಕೊರಿಯಾ, ಡೆನ್ಮಾರ್ಕ್ ಯಾರೂ ಇರಲ್ಲ, ಮಲೇಷ್ಯಾ ಒಂದನ್ನ ದಾಟಿದ್ರೆ ನಮಗೆ ಚಿನ್ನದ ದಾರಿ ಅರ್ಧ ಕ್ಲಿಯರ್. ನಮ್ಮ ಪ್ರಕಾಶ್ ಪಡುಕೋಣೆ ಅವರು 1978ರಲ್ಲಿ ಎಡ್ಮಂಟನ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ ಗೇಮ್ಸಲ್ಲಿ. ಬೇಜಾರಿನ ಸುದ್ದಿ ಏನಂದ್ರೆ 2026ರ ಗ್ಲಾಸ್ಗೋ ಗೇಮ್ಸ್‌ನ ಹತ್ತು ಆಟದ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಇಲ್ಲ, ಹಾಕಿ ಕುಸ್ತಿ ಶೂಟಿಂಗ್ ಜೊತೆ ಇದನ್ನೂ ಕೈಬಿಟ್ರು. ನಮಗೆ ಮೆಡಲ್ ಬರೋ ಆಟಗಳೇ ಸಾಲಾಗಿ ಹೋದ್ವು ನೋಡಿ.

ಗ್ರೂಪ್ ಲೆಕ್ಕ, ಎಲ್ರೂ ಎಡವೋದು ಇಲ್ಲೇ

ಏಷ್ಯನ್ ಗೇಮ್ಸ್ ಸಿಂಗಲ್ಸ್ ಡಬಲ್ಸ್ ನೇರ ನಾಕೌಟ್, ಸೋತ್ರೆ ಮನೆ, ಅಲ್ಲಿ ತಲೆನೋವಿಲ್ಲ. ಒಲಿಂಪಿಕ್ಸ್‌ನಲ್ಲಿ ಮೊದ್ಲು ಗ್ರೂಪ್ ಇರತ್ತೆ. ಸಿಂಗಲ್ಸ್‌ನಲ್ಲಿ ಮೂರು ನಾಲ್ಕು ಜನದ ಗ್ರೂಪು, ಅದ್ರಲ್ಲಿ ಫಸ್ಟ್ ಬಂದ ಒಬ್ರಿಗೆ ಮಾತ್ರ ಮುಂದಿನ ದಾರಿ. ಡಬಲ್ಸ್‌ನಲ್ಲಿ ಗ್ರೂಪ್‌ಗೆ ಸಾಮಾನ್ಯವಾಗಿ ನಾಲ್ಕು ಜೋಡಿ, ಮೇಲಿನ ಎರಡು ಕ್ವಾರ್ಟರ್‌ಗೆ. ಇದರಿಂದ ಏನಾಗತ್ತೆ ಅಂದ್ರೆ ಸಿಂಗಲ್ಸ್‌ನಲ್ಲಿ ಸೀಡ್ (ರ‍್ಯಾಂಕಿಂಗ್ ನೋಡಿ ಮೊದಲೇ ಕೊಡೋ ಮೇಲಿನ ಸ್ಥಾನ) ಇಲ್ದೋನು ದೊಡ್ಡ ಸೀಡ್ ಇರೋ ಗ್ರೂಪ್‌ಗೆ ಬಿದ್ರೆ ಅವನನ್ನ ಸೋಲಿಸ್ಲೇಬೇಕು, ಬೇರೆ ದಾರಿ ಇಲ್ಲ. ಲಕ್ಷ್ಯನಿಗೆ ಪ್ಯಾರಿಸ್‌ನಲ್ಲಿ ಸಿಕ್ಕಿದ್ದು ಇಂಡೋನೇಷ್ಯಾದ ಜೊನಾಟನ್ ಕ್ರಿಸ್ಟಿ, ಆ ಮ್ಯಾಚು ಹೆಸ್ರಿಗೆ ಗ್ರೂಪ್ ಮ್ಯಾಚು, ನಿಜವಾಗ್ಲೂ ನಾಕೌಟೇ. 21-18, 21-12 ಗೆದ್ದು ಬಂದ, ಬಂದ್ರೆ ಮುಂದಿನ ರೌಂಡಲ್ಲಿ ಎದುರಿಗೆ ನಮ್ಮದೇ ಪ್ರಣಯ್! ಡ್ರಾ ನೋಡಿದ್ದೋರಿಗೆ ಇದು ಮೊದಲೇ ಕಾಣ್ತಿತ್ತು, ನೋಡದೋರು ಅವತ್ತು ಶಾಕ್ ಆದ್ರು.

ಇನ್ನೊಂದು ವಿಚಿತ್ರ ರೂಲ್ ಇದೆ. ಗ್ರೂಪ್ ನಡೀತಿರುವಾಗ ಒಬ್ಬ ಗಾಯ ಆಗಿ ಬಿಟ್ಟು ಹೋದ ಅಂದ್ರೆ ಅವನು ಆಡಿದ ಮ್ಯಾಚೆಲ್ಲ ಅಳಿಸಿ ಹಾಕ್ತಾರೆ. ಲಕ್ಷ್ಯ ಮೊದಲ ಮ್ಯಾಚಲ್ಲಿ ಗ್ವಾಟೆಮಾಲಾದ ಕೆವಿನ್ ಕಾರ್ಡನ್‌ನ ಸೋಲಿಸಿದ್ದ, ಕಾರ್ಡನ್ ಮೊಣಕೈ ನೋವು ಅಂತ ವಾಪಸ್ ಹೋದ, ಲಕ್ಷ್ಯ ಗೆದ್ದಿದ್ದು ಲೆಕ್ಕಕ್ಕೇ ಬರ್ಲಿಲ್ಲ. ಅವತ್ತು ಮೋಸ ಆಯ್ತು ಅಂತ ಎಷ್ಟೋ ಜನ ಕೂಗಾಡಿದ್ರು. ಮೋಸ ಏನಿಲ್ಲ, ಉಳಿದೋರು ಅವನ ಜೊತೆ ಆಡೋಕಾಗಲ್ಲ ಅಂದ್ಮೇಲೆ ಒಬ್ಬನಿಗೆ ಮಾತ್ರ ಆ ಗೆಲುವು ಕೊಟ್ರೆ ಲೆಕ್ಕ ತಪ್ಪತ್ತೆ ಅಷ್ಟೇ.

ಈಗ ಟೈ ಆದ್ರೆ ಏನು. ಇಬ್ರು ಸಮ ಇದ್ರೆ ಅವರಿಬ್ರ ಮಧ್ಯೆ ಯಾರು ಗೆದ್ದಿದ್ರೋ ಅವರು ಮೇಲೆ, ಸುಲಭ. ಮೂರು ಕಡೆಯೋರು ಸಮ ಆದ್ರೆ ಗೆದ್ದ ಗೇಮು ಸೋತ ಗೇಮು ಕಳೀತಾರೆ, ಅದೂ ಸಮ ಬಂದ್ರೆ ಪಾಯಿಂಟ್ ಕಳೀತಾರೆ. ಇದು ನಮಗೆ ಚೆನ್ನಾಗಿ ಸುಟ್ಟಿದೆ. ಲಂಡನ್ 2012ರಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತೆ ಜ್ವಾಲಾ ಗುಟ್ಟಾ ಜೋಡಿ ಮೂರರಲ್ಲಿ ಎರಡು ಮ್ಯಾಚ್ ಗೆದ್ರು, ಜಪಾನ್ ತೈವಾನ್ ಜೋಡಿಗಳೂ ಎರಡೆರಡು ಗೆದ್ದಿದ್ವು, ಕೊನೆಗೆ ಜಪಾನ್ ಜೋಡಿ ಮುಂದೆ ಹೋಗಿ ಇವರು ಔಟ್ ಆಗಿದ್ದು ಒಂದೇ ಒಂದು ಪಾಯಿಂಟ್ ವ್ಯತ್ಯಾಸದಲ್ಲಿ. ಅದಕ್ಕೇ ಹೇಳೋದು, ಒಲಿಂಪಿಕ್ಸ್ ಗ್ರೂಪ್ ಮ್ಯಾಚಲ್ಲಿ ನಮ್ಮೋರು 20-9 ಮುಂದಿದಾರೆ ಅಂತ ಎದ್ದು ಕಾಫಿಗೆ ಹೋಗ್ಬೇಡಿ, ಎದುರಾಳಿ ತಗೊಳ್ಳೋ ಒಂದೊಂದು ಪಾಯಿಂಟೂ ಬರೆದಿಟ್ಕೊಳ್ಳಿ. ನಾನು ಪೇಪರಲ್ಲಿ ಬರೀತೀನಿ, ಮನೇಲಿ ನಗ್ತಾರೆ.

ಅದೇ ಲಂಡನ್‌ನಲ್ಲೇ ನಾಲ್ಕು ಮಹಿಳಾ ಜೋಡಿಗಳನ್ನ ಆಚೆ ಹಾಕಿದ್ರು, ಚೀನಾದ್ದು ಒಂದು, ಇಂಡೋನೇಷ್ಯಾದ್ದು ಒಂದು, ಕೊರಿಯಾದ್ದು ಎರಡು. ಯಾಕಂದ್ರೆ ಮುಂದೆ ಸುಲಭದ ಎದುರಾಳಿ ಸಿಗ್ಲಿ ಅಂತ ಬೇಕಂತ ಸೋಲೋಕೆ ನೋಡಿದ್ರು, ಸರ್ವೀಸನ್ನ ನೆಟ್‌ಗೇ ಹೊಡೀತಿದ್ರು, ಪ್ರೇಕ್ಷಕರು ಬೂ ಅಂತ ಕೂಗ್ತಿದ್ರು. ಅದಾದ್ಮೇಲೆ ಡಬಲ್ಸ್‌ನಲ್ಲಿ ಗ್ರೂಪ್ ಮುಗಿದ್ಮೇಲೆ ಮತ್ತೊಂದು ಡ್ರಾ ಎತ್ತೋ ಪದ್ಧತಿ ಬಂತು. ಆದ್ರಿಂದ ಡಬಲ್ಸ್ ಕ್ವಾರ್ಟರ್‌ನಲ್ಲಿ ಯಾರ ಮೇಲೆ ಯಾರು ಅಂತ ಮೊದ್ಲ ದಿನವೇ ಬರೆದು ಫಾರ್ವರ್ಡ್ ಮಾಡೋರನ್ನ ನಂಬ್ಬೇಡಿ.

ದೇಶಕ್ಕೆ ಎಷ್ಟು ಸೀಟು ಅನ್ನೋದೂ ಸ್ವಲ್ಪ ನೋಡ್ಕೊಳ್ಳಿ. ಒಲಿಂಪಿಕ್ಸ್ ಸಿಂಗಲ್ಸ್‌ಗೆ ಒಂದು ದೇಶದಿಂದ ಇಬ್ರು ಹೋಗ್ಬೇಕಂದ್ರೆ ಇಬ್ರೂ ಕ್ವಾಲಿಫಿಕೇಶನ್ ರ‍್ಯಾಂಕಿಂಗಲ್ಲಿ ಮೊದಲ 16ರಲ್ಲಿರ್ಬೇಕು, ಡಬಲ್ಸ್ ಆದ್ರೆ ಎರಡೂ ಜೋಡಿ ಮೊದಲ 8ರಲ್ಲಿ. ಅದಕ್ಕೇ ವರ್ಷಪೂರ್ತಿ ಟೂರ್‌ನಲ್ಲಿ ಕಾಣೋ ಎಷ್ಟೋ ಒಳ್ಳೊಳ್ಳೆ ಚೀನಿ ಆಟಗಾರ್ರು ಅಲ್ಲಿ ಕಾಣಲ್ಲ.

ಟೀಮ್ ಇವೆಂಟ್ ಓದೋ ರೀತಿ

ಏಷ್ಯನ್ ಗೇಮ್ಸ್‌ನಲ್ಲಿ ಟೀಮ್ ಇವೆಂಟ್ ಮೊದ್ಲು ಮುಗಿಯತ್ತೆ, ಆಮೇಲೆ ಸಿಂಗಲ್ಸ್ ಡಬಲ್ಸ್. ಪುರುಷರ ಟೀಮ್‌ಗೆ ಮೂರು ಸಿಂಗಲ್ಸ್ ಎರಡು ಡಬಲ್ಸ್, ಮೂರು ಗೆದ್ದೋರು ಗೆದ್ರು. ಸಿಂಗಲ್ಸ್ ಆರ್ಡರ್ ರ‍್ಯಾಂಕಿಂಗ್ ಪ್ರಕಾರ, ಕೋಚ್ ಮನಸ್ಸಿಗೆ ಬಂದಂಗೆ ಗಟ್ಟಿ ಆಟಗಾರನನ್ನ ಕೊನೆಗೆ ಬಚ್ಚಿಡೋಕಾಗಲ್ಲ. ಅಂದ್ರೆ ಆಟ ಮುಂದೆ ಹೋದಂಗೆಲ್ಲ ಬೆಂಚಲ್ಲಿ ಎಷ್ಟು ಜನ ಗಟ್ಟಿ ಇದಾರೆ ಅನ್ನೋದೇ ಪ್ರಶ್ನೆ.

ಹಾಂಗ್ಝೌನಲ್ಲಿ ಚೀನಾ ಮೇಲಿನ ಪುರುಷರ ಟೀಮ್ ಫೈನಲ್ ಇದಕ್ಕೆ ಸರಿಯಾದ ಉದಾಹರಣೆ. ಲಕ್ಷ್ಯ ಶಿ ಯುಚಿನ ಸೋಲಿಸ್ದ, ಸಾತ್ವಿಕ್-ಚಿರಾಗ್ ಲಿಯಾಂಗ್-ವಾಂಗ್ ಜೋಡೀನ ಸೋಲಿಸಿದ್ರು, 2-0, ಎಲ್ರೂ ಚಿನ್ನ ಬಂತು ಅಂತ ಸ್ಟೇಟಸ್ ಹಾಕೋಕೆ ರೆಡಿ. ಆದ್ರೆ ಪ್ರಣಯ್ ಗಾಯ ಆಗಿ ಆ ದಿನ ಆಡ್ತಿರ್ಲಿಲ್ಲ, ಹಾಗಾಗಿ ಶ್ರೀಕಾಂತ್ ಎರಡನೇ ಸಿಂಗಲ್ಸ್‌ಗೆ ಬಂದ, ಮೂರನೇದಕ್ಕೆ ಬೆಂಗಳೂರಿನ ಮಿಥುನ್ ಮಂಜುನಾಥ್. ಲೈನ್ಅಪ್ ಪೇಪರ್ ನೋಡಿದ್ದೋರಿಗೆ 2-0 ಆದಾಗ್ಲೂ ಎದೆ ಢವಢವ ನಿಂತಿರ್ಲಿಲ್ಲ. ಉಳಿದ ಮೂರೂ ಹೋಯ್ತು, 3-2 ಚೀನಾಗೆ. ಹಂಗಂತ ಆ ಬೆಳ್ಳಿ ಸಣ್ಣದಲ್ಲ, ಕ್ವಾರ್ಟರ್‌ನಲ್ಲಿ ನೇಪಾಳ ಸಿಕ್ಕಿದ್ದು ಡ್ರಾದ ಪುಣ್ಯ ಇರ್ಬಹುದು, ಸೆಮಿಯಲ್ಲಿ ಕೊರಿಯಾನ 3-2 ಹೊಡೆದಿದ್ದು ಡ್ರಾದ ಪುಣ್ಯ ಖಂಡಿತ ಅಲ್ಲ. ಅದಾಗಿ ಕೆಲವೇ ದಿನಕ್ಕೆ ಅದೇ ಸಾತ್ವಿಕ್-ಚಿರಾಗ್ ಡಬಲ್ಸ್ ಚಿನ್ನ ಗೆದ್ರು, ಏಷ್ಯನ್ ಗೇಮ್ಸ್ ಬ್ಯಾಡ್ಮಿಂಟನ್‌ನಲ್ಲಿ ನಮಗೆ ಅದು ಮೊದಲ ಚಿನ್ನ.

ಕಾಮನ್‌ವೆಲ್ತ್ ಮಿಕ್ಸೆಡ್ ಟೀಮಲ್ಲಿ ಐದೂ ತರದ ಮ್ಯಾಚು ಒಂದೊಂದು. ಅಲ್ಲಿ ಹುಡುಗೀರ ಡಬಲ್ಸ್, ಮಿಕ್ಸೆಡ್ ಗಟ್ಟಿ ಇಲ್ದೇ ಇದ್ರೆ ಕೆಲಸ ಆಗಲ್ಲ. 2018ರ ಗೋಲ್ಡ್ ಕೋಸ್ಟ್ ಫೈನಲ್‌ನಲ್ಲಿ ಮಲೇಷ್ಯಾ ಮೇಲೆ 3-1 ಗೆದ್ದಿದ್ದಕ್ಕೆ ಬುನಾದಿ ಹಾಕಿದ್ದೇ ಅಶ್ವಿನಿ-ಸಾತ್ವಿಕ್ ಮಿಕ್ಸೆಡ್ ಗೆಲುವು. 2022ರ ಬರ್ಮಿಂಗ್‌ಹ್ಯಾಮಲ್ಲಿ ಅದೇ ಮಲೇಷ್ಯಾ 3-1 ವಾಪಸ್ ಕೊಡ್ತು, ಟೀಮ್ ಫೈನಲ್‌ನಲ್ಲಿ ಶ್ರೀಕಾಂತ್‌ನ ಸೋಲಿಸಿದ್ದ ಎಂಗ್ ತ್ಜೆ ಯೋಂಗ್‌ನ ಸಿಂಗಲ್ಸ್ ಫೈನಲ್‌ನಲ್ಲಿ ಲಕ್ಷ್ಯ ಸೋಲಿಸಿ ಚಿನ್ನ ತಗೊಂಡ. ಟೀಮಲ್ಲಿ ಸೋತು ಸಿಂಗಲ್ಸಲ್ಲಿ ಗೆಲ್ಲೋದು ಹಿಂಗೆ.

ಮ್ಯಾಚ್ ಶುರುವಾದ್ಮೇಲೆ

ಮೂರರಲ್ಲಿ ಎರಡು ಗೇಮ್, ಗೇಮ್‌ಗೆ 21, 20-20 ಆದ್ರೆ ಎರಡು ಪಾಯಿಂಟ್ ಅಂತರ ಬೇಕು, 29-29 ತನಕ ಎಳೆದ್ರೆ 30ನೇದು ತಗೊಂಡೋನು ಗೆದ್ದ. 11ಕ್ಕೆ ಒಂದು ನಿಮಿಷ ಬ್ರೇಕ್, ಆಗ ಕೋಚ್ ಕಡೆ ಕ್ಯಾಮೆರಾ ಹೋದ್ರೆ ಗಮನ ಕೊಡಿ. ಪ್ಯಾರಿಸ್‌ನಲ್ಲಿ ಲಕ್ಷ್ಯನ ಮೂಲೇಲಿ ಪ್ರಕಾಶ್ ಪಡುಕೋಣೆ ಅವರೇ ಕೂತಿದ್ರು. ಬ್ರೇಕ್ ಆದ್ಮೇಲಿನ ನಾಲ್ಕೈದು ಪಾಯಿಂಟಲ್ಲಿ ಆಟದ ರೀತಿ ಬದಲಾಯ್ತಾ ಇಲ್ವಾ ಅಂತ ನೋಡಿದ್ರೆ ಕೋಚ್ ಹೇಳಿದ್ದು ತಲೆಗೆ ಹೋಯ್ತಾ ಅಂತ ಗೊತ್ತಾಗತ್ತೆ.

ಕಾಮೆಂಟರಿಯೋರು ಡ್ರಿಫ್ಟ್ ಡ್ರಿಫ್ಟ್ ಅಂತಿರ್ತಾರೆ, ಅಂದ್ರೆ ಹಾಲ್ ಒಳಗಿನ ಗಾಳಿ ಶಟಲನ್ನ ತಳ್ಳೋದು. ದೊಡ್ಡ ಹಾಲ್, ಜನ ತುಂಬಿರ್ತಾರೆ, ಏಸಿ ಗಾಳಿ ಒಂದು ದಿಕ್ಕಿಗೆ ಬೀಸತ್ತೆ, ಶಟಲ್ ತೂಕ ಐದು ಗ್ರಾಂ ಆಸುಪಾಸು, ಅದಕ್ಕೆ ಆ ಗಾಳಿ ಸಾಕು. ಒಂದು ಕಡೆಯಿಂದ ಹೊಡೆದ್ರೆ ಹೊರಗೆ ಹೋಗತ್ತೆ, ಇನ್ನೊಂದು ಕಡೆಯಿಂದ ಎಷ್ಟು ಹೊಡೆದ್ರೂ ಹಿಂದಿನ ಗೆರೆ ಮುಟ್ಟಲ್ಲ. ಆದ್ರಿಂದ ಮೊದಲ ಗೇಮ್ 21-10 ಸೋತ ತಕ್ಷಣ ಟಿವಿ ಆಫ್ ಮಾಡ್ಬೇಡಿ, ಎರಡನೇ ಗೇಮ್‌ಗೆ ಸೈಡ್ ಬದಲಾಗತ್ತೆ. ಮೂರನೇ ಗೇಮ್‌ನಲ್ಲಿ 11ಕ್ಕೆ ಮತ್ತೆ ಬದಲಾಗತ್ತೆ, ಒಳ್ಳೆ ಸೈಡಲ್ಲಿ ಆಡ್ತಾ 11-9 ಅಷ್ಟೇ ಮುಂದಿದ್ರೆ ಅದು ಲೀಡೇ ಅಲ್ಲ ಅನ್ಕೊಳ್ಳಿ.

ಚಾಲೆಂಜ್ (ಶಟಲ್ ಗೆರೆ ಒಳಗಾ ಹೊರಗಾ ಅನ್ನೋ ತೀರ್ಪನ್ನ ವಿಡಿಯೋದಲ್ಲಿ ಮತ್ತೆ ನೋಡಿ ಅಂತ ಆಟಗಾರ ಕೇಳೋದು) ಮ್ಯಾಚ್‌ಗೆ ಎರಡು, ಸರಿ ಬಂದ್ರೆ ಉಳಿಯತ್ತೆ, ತಪ್ಪಾದ್ರೆ ಒಂದು ಹೋಯ್ತು. ಕೊನೇ ಹಂತಕ್ಕೆ ಒಂದನ್ನಾದ್ರೂ ಉಳಿಸ್ಕೊಂಡಿದಾರಾ ನೋಡಿ.

ಟೈಮು, ಸೀಟು

2026ರ ಏಷ್ಯನ್ ಗೇಮ್ಸ್ ಜಪಾನ್‌ನ ಐಚಿ-ನಗೋಯಾದಲ್ಲಿ, ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಜಪಾನ್ ಟೈಮ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಆಟ ಇದ್ರೆ ನಮಗೆ ಆರೂವರೆ, ಸಂಜೆ ಸೆಷನ್ ಇಲ್ಲಿ ಮಧ್ಯಾಹ್ನ ಆಫೀಸ್ ಟೈಮಿಗೆ ಬೀಳತ್ತೆ. ವೇಳಾಪಟ್ಟಿಯಲ್ಲಿ ಸೆಷನ್‌ನ ಮೊದಲ ಮ್ಯಾಚ್ ಟೈಮ್ ಮಾತ್ರ ನಂಬಿ. ಅದೇ ಕೋರ್ಟಲ್ಲಿ ನಾಲ್ಕನೇ ಮ್ಯಾಚು ಅಂದ್ರೆ ಅದಕ್ಕೆ ಮುಂಚಿನ ಮೂರು ಯಾವಾಗ ಮುಗಿಯತ್ತೋ ಆಗ, ಒಂದು ಮ್ಯಾಚು ಅರ್ಧ ಗಂಟೆಗೂ ಮುಗೀಬಹುದು ಒಂದೂಕಾಲು ಗಂಟೆನೂ ಹಿಡೀಬಹುದು, ಅದಕ್ಕೆ ಲೈವ್ ಸ್ಕೋರ್ ಪೇಜ್ ಇನ್ನೊಂದು ಟ್ಯಾಬಲ್ಲಿ ತೆರೆದಿಟ್ಕೊಳ್ಳಿ. ಒಟ್ಟಿಗೆ ಎರಡು ಮೂರು ಕೋರ್ಟಲ್ಲಿ ಆಟ ನಡೀತಿರತ್ತೆ, ಟಿವಿಯೋರು ತೋರ್ಸೋದು ಒಂದನ್ನ, ಮೊಬೈಲ್ ಆ್ಯಪಲ್ಲಿ ಕೆಲವೊಮ್ಮೆ ಬೇರೆ ಕೋರ್ಟೂ ಸಿಗತ್ತೆ.

ಜಪಾನಲ್ಲೇ ಇರೋ ನಮ್ಮೋರು ಟಿಕೆಟ್ ತಗೊಳ್ತೀರಾದ್ರೆ ಕೋರ್ಟ್ ಪಕ್ಕದ ಸೀಟಿಗಿಂತ ಹಿಂದಿನ ಗೆರೆ ಕಡೆಯ ಸೀಟು, ಸ್ವಲ್ಪ ಎತ್ತರದಲ್ಲಿರೋದು, ನೋಡಿ. ಪಕ್ಕದಿಂದ ಸ್ಮ್ಯಾಶ್ ಜೋರು ಕಾಣತ್ತೆ ಆದ್ರೆ ಆಟಗಾರನನ್ನ ಮೂಲೆಯಿಂದ ಮೂಲೆಗೆ ಹೆಂಗೆ ಓಡಿಸ್ತಿದಾರೆ ಅನ್ನೋದು ಹಿಂದಿನಿಂದ್ಲೇ ಕಾಣೋದು. ಫ್ಲ್ಯಾಶ್ ಆಫ್ ಮಾಡಿ, ಏಸಿ ಜೋರಿರತ್ತೆ ಒಂದು ಸ್ವೆಟರ್ ಇಟ್ಕೊಳ್ಳಿ. ಸೆಮಿಫೈನಲ್ ದಿನದ ಟಿಕೆಟ್ ಸಿಕ್ರೆ ಫೈನಲ್‌ಗಿಂತ ಅದನ್ನೇ ಮೊದ್ಲು ತಗೊಳ್ಳಿ, ಒಂದೇ ಟಿಕೆಟಲ್ಲಿ ಎರಡು ಪಟ್ಟು ಮ್ಯಾಚು, ನಮ್ಮೋರು ಇರೋ ಚಾನ್ಸೂ ಜಾಸ್ತಿ.