ಮಣಿಕಟ್ಟಿನ ಒಳಬದಿಯ ವಾಚು

ಸೈನ್ಯದಿಂದ ನಿವೃತ್ತರಾಗಿ ಬಂದ ಹಲವರ ಎಡಗೈಯಲ್ಲಿ ವಾಚಿನ ಮುಖ ಮಣಿಕಟ್ಟಿನ ಒಳಬದಿಗೆ ತಿರುಗಿರುತ್ತದೆ. ನನ್ನದೂ ಹಾಗೆಯೇ. ಅಂಕೋಲೆಯ ಮೀನು ಪೇಟೆಯಲ್ಲಿ ಇದನ್ನು ನೋಡಿಯೇ "ಮಿಲಿಟರಿಯಲ್ಲಿ ಇದ್ದಿರಾ?" ಎಂದು ಕೇಳಿದವರಿದ್ದಾರೆ. ಇದು ಶೋಕಿಯಲ್ಲ. ರೈಫಲ್ಲಿನ ಮುಂಭಾಗವನ್ನು ಎಡಗೈಯಲ್ಲಿ ಹಿಡಿದಾಗ ಮಣಿಕಟ್ಟಿನ ಒಳಬದಿಯೇ ಕಣ್ಣಿನ ಕಡೆ ಇರುತ್ತದೆ, ಕೈ ತಿರುಗಿಸದೆ ಗಂಟೆ ನೋಡಬಹುದು. ಬಿಸಿಲಿಗೆ ಗಾಜು ಮಿಂಚುವುದಿಲ್ಲ, ರಾತ್ರಿ ಮುಳ್ಳುಗಳ ಹಸಿರು ಬೆಳಕು ದೂರದವರಿಗೆ ಕಾಣುವುದಿಲ್ಲ, ಲಾರಿ ಹತ್ತಿ ಇಳಿಯುವಾಗ ಗಾಜು ಕಬ್ಬಿಣಕ್ಕೆ ಬಡಿಯುವುದಿಲ್ಲ. ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಹಿರಿಯರ ಕೈ ನೋಡಿ ಕಿರಿಯರು ಕಲಿತರು, ಅಷ್ಟೇ.

ನಾನು 1984ರಲ್ಲಿ ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗಕ್ಕೆ ಸೇರಿದವನು. ಆಗ ನಮ್ಮ ಕಡೆ ಕೊಂಕಣ ರೈಲು ಇರಲಿಲ್ಲ. ಅಂಕೋಲೆಯಿಂದ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ರೈಲು ಬದಲಾಯಿಸುತ್ತಾ ತರಬೇತಿಗೆಂದು ಜಬಲ್ಪುರಕ್ಕೆ. ಕೈಯಲ್ಲಿ ವಾಚು ಇರಲಿಲ್ಲ, ಮನೆಯಲ್ಲಿಯೂ ಇರಲಿಲ್ಲ. ಗಂಗಾವಳಿಯ ಅಳಿವೆಯಲ್ಲಿ ಬಲೆ ಬಿಡುತ್ತಿದ್ದ ಅಪ್ಪನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇಂದು ಬೆಳಿಗ್ಗೆ ಆರಕ್ಕೆ ನೀರು ಏರಿದರೆ ನಾಳೆ ಏಳಕ್ಕೆ ಸ್ವಲ್ಪ ಮೊದಲು. ಅಪ್ಪ ತಿಥಿ ಎಣಿಸಿ ಅದನ್ನು ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂದು ಹಟ ಹಿಡಿಯುವ ಯಂತ್ರ ಅವರ ಕಸುಬಿಗೆ ಹೊಂದುತ್ತಿರಲಿಲ್ಲ. ರಜೆಯಲ್ಲಿ ಬಂದಾಗ ನಾನೂ ವಾಚನ್ನು ಗೂಡಿನಲ್ಲಿಟ್ಟು ಅವರ ಲೆಕ್ಕದಲ್ಲೇ ದೋಣಿ ಹತ್ತುತ್ತಿದ್ದೆ.

ಮೊದಲ ವಾಚನ್ನು ಸಂಬಳ ಉಳಿಸಿ ಸೈನ್ಯದ ಕ್ಯಾಂಟೀನ್ ಅಂಗಡಿಯಲ್ಲಿ ಕೊಂಡೆ, ಎಚ್‌ಎಂಟಿ ಪೈಲಟ್. ಆಗ ವಾಚೆಂದರೆ ಎಚ್‌ಎಂಟಿಯೇ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯದು. ನಮ್ಮ ಬ್ಯಾರಕ್ಕಿನಲ್ಲಿ ಜನತಾ, ಜವಾನ್, ಸೋನಾ ಎಲ್ಲವೂ ಇದ್ದವು. ತೆಳ್ಳಗಿನ ಸೋನಾ ಮದುವೆ ಮನೆಗೆ ಚೆಂದ. ನಾನು ಪೈಲಟ್ ಆರಿಸಿದ್ದಕ್ಕೆ ಕಾರಣ ಅದರ ಕಪ್ಪು ಡಯಲ್ಲು, ಅದರ ಮೇಲಿನ ದಪ್ಪ ಬಿಳಿ ಅಂಕಿಗಳು. ನಡುರಾತ್ರಿಯ ಪಾಳಿಯಲ್ಲಿ ನಿದ್ದೆಗಣ್ಣಿಗೂ ಮೂರು ಯಾವುದು, ಒಂಬತ್ತು ಯಾವುದು ಎಂದು ಗೊಂದಲವಾಗಬಾರದು. ಅಂಕಿಯ ಬದಲು ಬರೀ ಗೆರೆಗಳಿರುವ ವಾಚು ಸೈನಿಕನಿಗೆ ಆಗದು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ವಾಚನ್ನು ನಿಜವಾಗಿ ತಿಳಿದುಕೊಂಡದ್ದು ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತ ಮೇಲೆ. ಪ್ರತಿಯೊಂದು ಸಂದೇಶಕ್ಕೂ ದಿನ ಮತ್ತು ವೇಳೆ ಸೇರಿಸಿ ಆರು ಅಂಕಿ ಬರೆಯುತ್ತೇವೆ. ಎಂಟನೇ ತಾರೀಖು ಮಧ್ಯಾಹ್ನ ಎರಡೂವರೆ ಎಂದರೆ 081430. ಕಳಿಸಿದವನ ದಾಖಲೆ ಪುಸ್ತಕವೂ ಪಡೆದವನ ಪುಸ್ತಕವೂ ತಾಳೆಯಾಗಬೇಕು. ಗೊತ್ತುಪಡಿಸಿದ ಗಂಟೆಗೆ ಎಲ್ಲರೂ ಒಟ್ಟಿಗೆ ಹೊಸ ಫ್ರೀಕ್ವೆನ್ಸಿಗೆ ಹೋಗುವಾಗ ನಿಮ್ಮ ವಾಚು ಹಿಂದೆ ಬಿದ್ದಿದ್ದರೆ, ಹಳೆಯದರಲ್ಲಿ ನೀವೊಬ್ಬರೇ ಕೂಗುತ್ತಾ ಕುಳಿತಿರುತ್ತೀರಿ. ಅದಕ್ಕೇ ಕೆಲಸಕ್ಕೆ ಮೊದಲು ಎಲ್ಲರೂ ವಾಚು ತಾಳೆ ಹಾಕುವುದು. ಮುಖ್ಯಸ್ಥರು ಬರಲಿರುವ ಒಂದು ನಿಮಿಷವನ್ನು ಹೇಳುತ್ತಾರೆ. ಎಲ್ಲರೂ ಕೀಲಿ, ಎಂದರೆ ವಾಚಿನ ಪಕ್ಕದ ತಿರುಪು ಗುಂಡಿ, ಎಳೆದು ಮುಳ್ಳನ್ನು ಅಲ್ಲಿಗೆ ತಂದು ಕಾಯುತ್ತಾರೆ. ಕೊನೆಯ ಸೆಕೆಂಡುಗಳನ್ನು ಎಣಿಸಿ ಕೂಗು ಬಂದ ಕೂಡಲೇ ಕೀಲಿ ಒಳಗೆ.

ಇಲ್ಲಿ ಮುಖ್ಯಸ್ಥರ ವಾಚು ಆಕಾಶವಾಣಿಗಿಂತ ಎರಡು ನಿಮಿಷ ಮುಂದಿದ್ದರೂ ಅದೇ ಸರಿ. ತರಬೇತಿಯಲ್ಲಿ ಬಿಹಾರದ ಹುಡುಗನೊಬ್ಬ ರೇಡಿಯೊ ಸಮಯ ಬೇರೆ ಇದೆ ಎಂದು ತಕರಾರು ತೆಗೆದ. ನಮಗೆ ಕಲಿಸುತ್ತಿದ್ದ ಉಸ್ತಾದರು ಶಾಂತವಾಗಿ, "ರೇಡಿಯೊದವನು ನಾಳೆ ಬೆಳಿಗ್ಗೆ ನಿನ್ನ ಜೊತೆ ಬರುತ್ತಾನೆಯೇ?" ಎಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನೌಕರಿಯಲ್ಲಿ ನಾನು ವಾಚಿನ ಬಗ್ಗೆ ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಮತ್ತೊಂದಿಲ್ಲ. ಫಿರಂಗಿಯ ಹೊಡೆತ ನಿಲ್ಲುವ ಕ್ಷಣಕ್ಕೆ ಕಾಲಾಳುಗಳು ಮುಂದೆ ನುಗ್ಗಬೇಕಾದರೆ ಲೋಕದ ಗಡಿಯಾರ ಏನು ಹೇಳುತ್ತದೆ ಎನ್ನುವುದು ಯಾರಿಗೂ ಬೇಡ. ಆ ಇಬ್ಬರ ಗಡಿಯಾರ ಒಂದನ್ನೇ ಹೇಳಿದರೆ ಆಯಿತು. ಗಡಿಯಾರವಿಲ್ಲದೆಯೂ ಇಬ್ಬರು ಹೀಗೆ ಹೊಂದಿಕೊಂಡದ್ದುಂಟು. ನಮ್ಮ ಕಾರವಾರ ತಾಲ್ಲೂಕಿನ ಚೆಂಡಿಯಾದವರಾದ ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬಾ ರಾಣೆಯವರು 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ದಾರಿ ತೆರವು ಮಾಡುವಾಗ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಟ್ಟರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯ ಮುಂದೆ ನಿಂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಗ್ಗ.

ಇನ್ನು ತಾಳೆ ಹಾಕುವ ಕೈಚಳಕ. ಕೀಲಿ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುವ ವಾಚು ಇದ್ದವರಿಗೆ ಸುಲಭ. ನಿಲ್ಲದ ವಾಚಿಗೆ ಒಂದು ಉಪಾಯವಿದೆ. ಕೀಲಿಯನ್ನು ಹೊರಗೆಳೆದು, ಮುಳ್ಳನ್ನು ಹಿಂದಕ್ಕೆ ತಿರುಗಿಸುವ ದಿಕ್ಕಿನಲ್ಲಿ ಬಹಳ ಮೆಲ್ಲಗೆ ಒತ್ತಡ ಕೊಡಬೇಕು. ನಿಮಿಷದ ಮುಳ್ಳು ಅಲುಗುವ ಮೊದಲೇ ಸೆಕೆಂಡಿನ ಮುಳ್ಳು ತಡವರಿಸಿ ನಿಲ್ಲುತ್ತದೆ. ಬೆರಳು ಸಡಿಲಿಸಿದರೆ ಮತ್ತೆ ಓಡುತ್ತದೆ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಿದ್ದಾಗ ಇದು ಕಷ್ಟ, ಆದ್ದರಿಂದ ಕೀಲಿ ಕೊಡುವ ಮೊದಲೇ ಮಾಡುವುದು ಒಳ್ಳೆಯದು. ಜೋರು ಮಾಡಿದರೆ ಒಳಗಿನ ಹಲ್ಲುಗಳಿಗೆ ಪೆಟ್ಟು.

ಕೀಲಿ ಕೊಡುವುದು ದಿನವೂ ಬೆಳಿಗ್ಗೆ, ಹಲ್ಲುಜ್ಜಿದ ಕೂಡಲೇ. ರಾತ್ರಿ ಕೊಟ್ಟರೆ ಹಗಲಿನ ಓಡಾಟ, ಕುಲುಕಾಟದ ಹೊತ್ತಿಗೆ ಸ್ಪ್ರಿಂಗಿನ ಬಲ ಕುಗ್ಗಿರುತ್ತದೆ. ವಾಚನ್ನು ಕೈಯಿಂದ ಬಿಚ್ಚಿಯೇ ಕೀಲಿ ಕೊಡಬೇಕು. ಕಟ್ಟಿಕೊಂಡೇ ಕೊಟ್ಟರೆ ಬೆರಳು ಓರೆಯಾಗಿ ಕೀಲಿಯ ಕಡ್ಡಿ ಒಂದು ಬದಿಗೆ ಸವೆಯುತ್ತದೆ. ಬೆರಳಿಗೆ ಬಿಗಿ ತಾಗಿದಲ್ಲಿಗೆ ನಿಲ್ಲಿಸಬೇಕು.

ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರತಿ ಸಂಜೆ ಆಕಾಶವಾಣಿಯ ಪಿಪ್ ಸದ್ದಿಗೆ ವಾಚು ಎಷ್ಟು ಸೆಕೆಂಡು ಹಿಂದೆ ಮುಂದೆ ಇದೆ ಎಂದು ಬರೆದಿಡುತ್ತಿದ್ದೆ. ಆ ಕಾಲದ ಕೀಲಿ ವಾಚಿನಲ್ಲಿ ಅತ್ತಿತ್ತ ತೂಗಿ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ, ಬಡಿಯುತ್ತದೆ. ದಿನಕ್ಕೆ ನಾಲ್ಕು ಲಕ್ಷಕ್ಕೂ ಮೀರಿದ ಆ ಬಡಿತಗಳಲ್ಲಿ ಇಪ್ಪತ್ತು ಸೆಕೆಂಡು ಆಚೀಚೆ ಆಗುವುದು ದೋಷವೇ ಅಲ್ಲ. ದಿನವೂ ಹದಿನೈದು ಸೆಕೆಂಡು ಮುಂದೆ ಹೋಗುವ ವಾಚನ್ನು ನಾನು ನಂಬುತ್ತೇನೆ. ಒಂದು ದಿನ ಐದು ಮುಂದೆ, ಮರುದಿನ ಹತ್ತು ಹಿಂದೆ ಹೋಗುವುದನ್ನು ನಂಬುವುದಿಲ್ಲ. ರಾತ್ರಿ ವಾಚನ್ನು ಅಂಗಾತ ಮಲಗಿಸುವುದಕ್ಕೂ ಕೀಲಿಯ ಮೇಲೆ ಓರೆಯಾಗಿ ನಿಲ್ಲಿಸುವುದಕ್ಕೂ ಓಟದಲ್ಲಿ ವ್ಯತ್ಯಾಸವಿರುತ್ತದೆ. ಹಗಲು ಗಳಿಸಿದ್ದನ್ನು ರಾತ್ರಿ ಕಳೆಯುವ ಭಂಗಿ ಯಾವುದೆಂದು ಪತ್ತೆ ಮಾಡಿದರೆ ಮುಚ್ಚಳ ಬಿಚ್ಚದೆಯೇ ವಾಚು ಹದಕ್ಕೆ ಬರುತ್ತದೆ. ಒಮ್ಮೆಲೇ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮಾತ್ರ ಅಯಸ್ಕಾಂತದ ಮೇಲೆ ಸಂಶಯಪಡಿ. ಜನರೇಟರ್, ಧ್ವನಿವರ್ಧಕಗಳ ಪಕ್ಕದಲ್ಲೇ ಬಾಳುವ ನಮ್ಮಂಥವರ ವಾಚುಗಳಲ್ಲಿ ಆ ಚಕ್ರದ ಕೂದಲೆಳೆಯಂಥ ಸುರುಳಿಯಾದ ಹೇರ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟುತ್ತಿದ್ದವು. ರಿಪೇರಿಯವರ ಬಳಿ ಅದನ್ನು ಬಿಡಿಸುವ ಚಿಕ್ಕ ಯಂತ್ರವಿರುತ್ತದೆ, ಕ್ಷಣದ ಕೆಲಸ.

ಮುಳ್ಳಿನ ವಾಚಿನಿಂದ ದಿಕ್ಕು ಕಂಡುಹಿಡಿಯುವುದನ್ನು ಎಲ್ಲರೂ ಕೇಳಿರುತ್ತೀರಿ: ಗಂಟೆಯ ಮುಳ್ಳನ್ನು ಸೂರ್ಯನ ಕಡೆ ಹಿಡಿಯಿರಿ, ಆ ಮುಳ್ಳಿಗೂ ಹನ್ನೆರಡಕ್ಕೂ ನಡುವಿನ ರೇಖೆ ದಕ್ಷಿಣ. ಗಂಟೆಯ ಮುಳ್ಳು ಹನ್ನೆರಡು ಗಂಟೆಗೆ ಒಂದು ಸುತ್ತು ಬಂದರೆ ಸೂರ್ಯನಿಗೆ ಇಪ್ಪತ್ತನಾಲ್ಕು ಬೇಕು, ಅದಕ್ಕೇ ಅರ್ಧ ಮಾಡುವುದು. ಆದರೆ ಇದನ್ನು ಬಾಯಿಪಾಠ ಮಾಡಿದವರು ಎರಡು ಸಂಗತಿ ಬಿಡುತ್ತಾರೆ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾರವಾರ ಇರುವುದು ಸುಮಾರು 74 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ವಾಚಿನಲ್ಲಿ ಹನ್ನೆರಡೂವರೆ ದಾಟಿರುತ್ತದೆ. ಜೈಸಲ್ಮೇರ್‌ನಲ್ಲಿ ಹನ್ನೆರಡೂ ಮುಕ್ಕಾಲು. ತವಾಂಗ್‌ನಲ್ಲಿ ಹನ್ನೊಂದೂಕಾಲು ದಾಟುತ್ತಿದ್ದಂತೆಯೇ ಮಧ್ಯಾಹ್ನ. ರಾಜಸ್ಥಾನದಲ್ಲಿದ್ದಾಗ ಮನಸ್ಸಿನಲ್ಲೇ ಮುಕ್ಕಾಲು ಗಂಟೆ ಹಿಂದೆ ಹಾಕಿ, ಅರುಣಾಚಲದಲ್ಲಿ ಮೂವತ್ತೈದು ನಿಮಿಷಕ್ಕೂ ಹೆಚ್ಚು ಮುಂದೆ ಹಾಕಿ ಲೆಕ್ಕ ಹಿಡಿಯುತ್ತಿದ್ದೆ. ಋತುಮಾನಕ್ಕೆ ತಕ್ಕಂತೆ ಇನ್ನೂ ಕೆಲವು ನಿಮಿಷ ಆಚೀಚೆ ಆಗುತ್ತದೆ, ಕಾಲ್ನಡಿಗೆಗೆ ಅದು ದೊಡ್ಡದಲ್ಲ.

ಎರಡನೆಯದು ನಮ್ಮ ಕಡಲತೀರದವರು ಗಮನಿಸಬೇಕಾದದ್ದು. ಈ ಉಪಾಯ ಕಾಶ್ಮೀರದಲ್ಲಿ ವರ್ಷವಿಡೀ ನಡೆಯುತ್ತದೆ, ಏಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ. ಕಾರವಾರದ ಅಕ್ಷಾಂಶ ಹದಿನೈದು ಡಿಗ್ರಿಗೂ ಕಡಿಮೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕೆ ಸರಿದಿರುತ್ತಾನೆ. ಮೇ ತಿಂಗಳ ನಡುಮಧ್ಯಾಹ್ನ ಶಿರಸಿಯ ಕಾಡಿನಲ್ಲಿ ದಾರಿ ತಪ್ಪಿ ಈ ಲೆಕ್ಕ ಹಿಡಿದು ದಕ್ಷಿಣಕ್ಕೆ ಹೊರಟವರು ಉತ್ತರಕ್ಕೆ ನಡೆದಿರುತ್ತಾರೆ. ಇಳಿಯುವ ಹಳ್ಳವನ್ನು ಹಿಡಿದು ನಡೆಯಿರಿ ಎಂದೇ ನಾನು ಹೇಳುವುದು.

ಲಡಾಖಿನ ದ್ರಾಸ್‌ನ ಚಳಿಗಾಲದಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದಾಗ ಕೀಲಿ ವಾಚಿನ ಒಳಗಿನ ಎಣ್ಣೆ ಗಟ್ಟಿಯಾಗಿ ಓಟ ಕುಂಟುತ್ತದೆ. ಅಷ್ಟರಲ್ಲಿ ಕ್ವಾರ್ಟ್ಜ್ ವಾಚುಗಳು ಎಲ್ಲರ ಕೈಗೂ ಬಂದಿದ್ದವು. ಅವುಗಳೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ತಿಂಗಳಿಗೆ ಹದಿನೈದು ಸೆಕೆಂಡು ತಪ್ಪಿದರೆ ಹೆಚ್ಚು. ಆದರೆ ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಅಂಕಿ ತೋರಿಸುವ ಪರದೆ ಮಂಕಾಗಿ ಬದಲಾಗುವುದೇ ನಿಧಾನವಾಗುತ್ತದೆ. ಎರಡಕ್ಕೂ ಮದ್ದು ಒಂದೇ: ವಾಚನ್ನು ಬಿಚ್ಚಿಡಬಾರದು. ಕೈಗವಸಿನ ಒಳಗೆ, ಮೈಗೆ ತಾಗಿಕೊಂಡು ಇರಬೇಕು. ಸ್ಟೀಲ್ ಬೆಲ್ಟ್ ತೆಗೆದು ನೈಲಾನ್ ಪಟ್ಟಿ ಹಾಕಬೇಕು, ಚಳಿಗೆ ಲೋಹ ಚರ್ಮವನ್ನು ಕಚ್ಚುತ್ತದೆ. ಅಲ್ಲಿ ನಾನು ಎರಡು ವಾಚು ಇಟ್ಟುಕೊಂಡಿದ್ದೆ. ಕೈಯಲ್ಲಿ ಅಗ್ಗದ ಡಿಜಿಟಲ್, ಅಂಗಿಯ ಒಳಜೇಬಿನಲ್ಲಿ ಪೈಲಟ್. ಒಂದು ನಿಂತರೆ ಇನ್ನೊಂದು. ಮಲಗುವ ಚೀಲದೊಳಗೆ ಪಕ್ಕದವನ ಗೊರಕೆಯ ನಡುವೆ ಅದರ ಟಿಕ್ ಟಿಕ್ ಕೇಳುತ್ತಿದ್ದುದು ಒಂದು ಧೈರ್ಯ, ಸುಳ್ಳು ಹೇಳುವುದೇಕೆ.

ನಮ್ಮೂರಿನ ಹವೆ ದ್ರಾಸ್‌ಗಿಂತ ಕೆಟ್ಟದ್ದು, ವಾಚಿನ ಮಟ್ಟಿಗೆ. ಬೆವರು, ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹಿಂದಿನ ಮುಚ್ಚಳದ ಅಂಚಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಚರ್ಮದ ಬೆಲ್ಟ್ ಬೂಷ್ಟು ಹಿಡಿದು ನಾರುತ್ತದೆ. ಗಾಜಿನ ಒಳಗೆ ಮಂಜು ಕಂಡ ದಿನವೇ ರಿಪೇರಿಗೆ ಒಯ್ಯಬೇಕು. ಬಿಸಿಲಿಗಿಟ್ಟು ಒಣಗಿಸಿದರೆ ನೀರು ಆರಿದಂತೆ ಕಾಣುತ್ತದೆ, ತುಕ್ಕು ಒಳಗೇ ಉಳಿಯುತ್ತದೆ. ಸಮುದ್ರದ ನೀರು ತಾಗಿದರೆ ಕೂಡಲೇ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಪೈಲಟ್ ಅನ್ನು ನಾನು ಕಟ್ಟುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಚೀಲದ ಜೊತೆ ಇಡುತ್ತೇನೆ. ವಾರಕ್ಕೊಮ್ಮೆ ಕೀಲಿ ಕೊಟ್ಟು ಓಡಿಸುತ್ತೇನೆ, ಎಣ್ಣೆ ಒಂದೇ ಕಡೆ ಕೂರಬಾರದು.

ಅಣ್ಣನ ಮಗ ನೌಕಾಪಡೆಯಲ್ಲಿದ್ದಾನೆ. "ಚಿಕ್ಕಪ್ಪ, ಈಗ ಎಲ್ಲರ ಮೊಬೈಲಿನಲ್ಲಿಯೂ ಒಂದೇ ಸಮಯ ಇರುತ್ತದೆಯಲ್ಲ" ಎನ್ನುತ್ತಾನೆ. ನಿಜ. ನಾವು ಕೂಗಿ, ಎಣಿಸಿ, ಬೆರಳು ಬಿಗಿಹಿಡಿದು ಸಾಧಿಸುತ್ತಿದ್ದುದು ಅವನಿಗೆ ಪುಕ್ಕಟೆ ಸಿಗುತ್ತದೆ. ಆದರೆ ಮೊಬೈಲನ್ನು ಗೇಟಿನಲ್ಲಿ ಬಿಟ್ಟು ಹೋಗಬೇಕಾದ ಜಾಗಗಳು ಅವನ ನೌಕರಿಯಲ್ಲಿ ಹೆಚ್ಚು. ಸ್ಮಾರ್ಟ್‌ವಾಚ್ ಬೇಕೆಂದಾಗ 2018ರ ಸ್ಟ್ರಾವಾ ಸಂಗತಿ ನೆನಪಿಸಿದೆ: ಓಟದ ದಾರಿಗಳನ್ನು ದಾಖಲಿಸುವ ಆ ಆ್ಯಪ್‌ನ ಭೂಪಟದಲ್ಲಿ ಅಮೆರಿಕದ ಸೈನಿಕರು ವ್ಯಾಯಾಮಕ್ಕೆ ಓಡಿದ ಗೆರೆಗಳೇ ಅವರ ಶಿಬಿರಗಳ ನಕ್ಷೆಯನ್ನು ಲೋಕಕ್ಕೆ ತೋರಿಸಿಬಿಟ್ಟವು. ರಬ್ಬರ್ ಪಟ್ಟಿಯ ಸಾದಾ ಕ್ಯಾಸಿಯೊ ಕೊಡಿಸಿದ್ದೇನೆ. ಪೈಲಟ್ ಮೇಲೂ ಅವನಿಗೆ ಕಣ್ಣಿದೆ, ಸದ್ಯಕ್ಕೆ ಕೊಡುವುದಿಲ್ಲ.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಏರಿದೆ, ಮೋಸವೂ. ಆನ್‌ಲೈನಿನಲ್ಲಿ ಹೊಸತರಂತೆ ಹೊಳೆಯುವ ಹಳೆಯ ಪೈಲಟ್ ಕಂಡರೆ ಡಯಲ್ಲಿಗೆ ಮತ್ತೆ ಬಣ್ಣ ಬಳಿದಿರುವ ಸಾಧ್ಯತೆಯೇ ಹೆಚ್ಚು. ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ, ಕಾರ್ಖಾನೆಯ ಮುದ್ರಣದಲ್ಲಿ ಅಂಚು ಚೂಪಾಗಿರುತ್ತದೆ, ಮರುಬಣ್ಣದಲ್ಲಿ ಹರಡಿರುತ್ತದೆ. ಕಿತ್ತಳೆ, ಗಿಳಿಹಸಿರು ಡಯಲ್ಲುಗಳನ್ನು ಕಂಡರೆ ಕೊಳ್ಳದೆ ಮುಂದೆ ಹೋಗಿ. ಮುಚ್ಚಳ ಬಿಚ್ಚಿದ ಫೋಟೊ ಕಳಿಸದವರಿಂದ ಕೊಳ್ಳಬೇಡಿ. ಬಿಡಿಭಾಗಕ್ಕಾಗಿ ನಾನು ಊರಮನೆಗಳಲ್ಲಿ ಕೆಟ್ಟು ಬಿದ್ದ ಜನತಾ ವಾಚುಗಳನ್ನು ಕೇಳಿ ತರುತ್ತೇನೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಪೈಲಟ್‌ನದ್ದೇ. ಕುಮಟೆಯಲ್ಲಿ ನನ್ನ ವಾಚು ನೋಡಿಕೊಳ್ಳುವ ಹಿರಿಯರು ಕಳೆದ ಸಲ ಅವುಗಳಲ್ಲೊಂದರ ಬ್ಯಾಲೆನ್ಸ್ ಚಕ್ರವನ್ನೇ ಇದಕ್ಕೆ ಕೂರಿಸಿದರು. ಈಗ ದಿನಕ್ಕೆ ಒಂಬತ್ತು ಹತ್ತು ಸೆಕೆಂಡು ಮುಂದೆ ಹೋಗುತ್ತಿದೆ, ತಪ್ಪದೆ.